ಅಂಕಿತ

ಜಮಖಂಡ್ಯಾಗ ಲಾಡ್ಜಿನ ಮ್ಯಾಲಿನ ಖೋಲಿ.
ಗ್ವಾಡಿಗೆಲ್ಲ ತತ್ತಿ ಟ್ರೇ ಬಡದಿದ್ದಿವಿ,
ಕೆಳಗ ಓಸಿ ಚೀಟಿ ಬರೆಯೂ ಗದ್ದಲ
ಮೈಕಿನಾಗ ಬರಬಾರದಂತ.
ಬರತಿತ್ತು. ಓಪನ್ ಬಂದಾಗೊಮ್ಮೆ, ಕ್ಲೋಸ್ ಬಂದಾಗೊಮ್ಮೆ
ಒದರಾಟ ಪಾವಟಿಗಿ ಹತ್ತಿ ಬರತಿತ್ತು.
ಅಷ್ಟೊತ್ತು ಇಮಾಮಸಾಬ ಢೋಲಕಿ ತೊಡಿಮ್ಯಾಗಿಟಗೊಂಡು
ಬೀಡಿ ಸೇದಾಂವ.

ಕಂಪನಿ ಸಾವಕಾರಂದು. ಕೆಳಗಿನ ಧಂದೇನೂ ಅವಂದ.
ಕೆಳಗ ಹೊಲಸಾದ ನೋಟು
ಮ್ಯಾಲೇರಿ, ಹಾಡಾಗಿ, ತೊಳಕೊಂಡು ಇಳೀತಿತ್ತು.
ಐದ ಸಾವಿರ ಕ್ಯಾಸೆಟ್ಟು ಮಾರ್‍ಯಾವಂತ
ವಹಿಯೊಳಗ ನಾನ ಬರದೀನಿ;
ಅರ್ಧಕ್ಕರ್ಧ ಕಾಟಿನ ಕೆಳಗ ಧೂಳ ತಿಂತಿದ್ದವು.

ಕಸ್ತೂರೆವ್ವ ತೇರದಾಳದಿಂದ ಬಂದ್ಲು,
ಚಂಚ್ಯಾಗ ಎಲಿ ಅಡಿಕಿ, ಬಾಯಾಗ ನೂರಾ ಹತ್ತು ಪದ.
ಹೆಬ್ಬಟ್ಟಿಗೆ ನಾಕನೂರ ರೂಪಾಯಿ, ಒಂದ ದಡಿ ಸೀರಿ.
ಕಾಗದ ಓದಿ ಹೇಳೋ ತಮ್ಮಾ ಅಂದ್ಲು.
ಓದಿದೆ.
ಎಲ್ಲಾ ಓದಲಿಲ್ಲ.

ಮೂರನೇ ದಿನ ಸಾವಕಾರ ಖುದ್ದ ಬಂದ.
"ಪದದ ಕಡೀಕ ಯಾರ ಹೆಸರ ಹಾಡ್ತಿ?"
"ನಮ್ಮ ಗುರುವಿಂದರೀ. ಅಂಕಿತ."
"ಈ ಸಲ ನಂದ ಹಾಡು."
ನಕ್ಕ. ನಾವೂ ನಕ್ಕಿವಿ.
ಆಕಿ ಇಮಾಮಸಾಬನ ಮಾರಿ ನೋಡಿದ್ಲು.
ಹಿಂದಿನ ತಿಂಗಳ ಬ್ಯಾರೆ ಕಂಪನಿಗೆ ಬಾರಿಸಿದ ಪರಸಪ್ಪನ
ಹಲಗಿ ಹರದಿತ್ತು,
ಬಲಗೈಯಾಗಿನ ಎರಡ ಬೆರಳೂ.

ಹಾಡಿದ್ಲು. ಪಲ್ಲ, ನುಡಿ, ಏರು, ಇಳುವು,
ಖೋಲಿ ತುಂಬಿ ಟ್ರೇದ ಕುಣಿಕುಣ್ಯಾಗ ನಿಂತಿತ್ತು ದನಿ.
ಹೆಸರ ಬರೂ ಜಾಗಕ್ಕ
ಕೆಮ್ಮಿದ್ಲು.
ಮತ್ತ ತಗೊಂಡಿವಿ. ಮತ್ತ ಕೆಮ್ಮು.
ಬಿಸಿನೀರ ಕೊಟ್ಟಿವಿ, ಜೇಷ್ಠಮಧ ಕೊಟ್ಟಿವಿ.
ಅದ ಜಾಗ. ಅದ ಕೆಮ್ಮು.
ಕ್ಲೋಸ್ ಬರೂ ಹೊತ್ತಾತು, ಸಾವಕಾರ ಎದ್ದ.
"ಕೆಮ್ಮ ಕತ್ತರಿಸಿ ನನ್ನ ಹೆಸರ ಅಂಟಸೋ."

ಬ್ಲೇಡ ಇತ್ತು, ಟೇಪ ಇತ್ತು,
ಯಾರರ ಬಾಯಿಂದ ಹೆಸರ ತಂದು ಹಚ್ಚಾಕ
ನನ್ನ ಕೈಗೆ ಬರತಿತ್ತು.
ಧೈರ್ಯ ಅಂತ ಹೇಳಂಗಿಲ್ಲ; ರಾತ್ರಿ ಕರೆಂಟ ಹೋಗಿತ್ತು,
ಮರುದಿನ ಬಿಡುಗಡೆ, ಫೌಜದಾರ ಸಾಹೇಬ್ರ ಕೈಲೆ.
ಕೆಮ್ಮ ಇದ್ದಂಗ ನಕಲ ಇಳಿಸಿದೆ,
ಒಂದ ಸಲಕ್ಕ ಒಂಬತ್ತು.

ವಾರ ತನಕ ಬೆವತಿದ್ದೆ.
ಸಾವಕಾರ ಕೇಳಲೇ ಇಲ್ಲ.
ಹಾಡ ಅವಂಗ ಎಂದ ಬೇಕಾಗಿತ್ತು?

ಮೊನ್ನೆ ಬನಹಟ್ಟಿಗೆ ಹೊಂಟಿದ್ದೆ, ಟಂಟಂ ಗಾಡ್ಯಾಗ.
ಹೊಡ್ಯೂ ಹುಡುಗ ಪೆನ್‌ಡ್ರೈವ್ ಹಚ್ಚಿದ.
ಆಕೀದ ದನಿ.
ಕಡೀ ನುಡಿಗೆ ಉಸರ ಬಿಗಿ ಹಿಡದು ಕುಂತೆ.
ಹುಡುಗ ತಾಳ ತಪ್ಪದಂಗ
ತಾನೂ ಕೆಮ್ಮಿದ,
ಪದದಾಗ ಹಂಗ ಐತೆಂದು ತಿಳದಾನ.