ಬಂದನು, ಬಂದಳು, ಮೊವಿದಾ

ಜಾರ್ಜಿಯಾದ ಹಶೂರಿ ಜಂಕ್ಷನ್ನಿನ ವ್ಯಾಗನ್ ಶೆಡ್ಡಿನಲ್ಲಿ
ಮಾಲ್ಖಾಜ್ ಗಾಲಿ ತಟ್ಟುತ್ತಾನೆ.
ಉದ್ದ ಹಿಡಿಯ ಸುತ್ತಿಗೆ, ಒಂದೇ ಪೆಟ್ಟು, ಓರೆ ಕಿವಿ.
ಗಟ್ಟಿ ಗಾಲಿ ಠಣ್ಣೆನ್ನುತ್ತದೆ.
ಬಿರುಕಿದ್ದರೆ ಒಡಕು ಮಡಕೆಯ ಹಾಗೆ, ದಬ್.
ಹದಿನಾಲ್ಕು ವರ್ಷದಲ್ಲಿ ಅವನ ಕಿವಿ ತಪ್ಪಿದ್ದು ಎರಡೇ ಸಲ.

ಹನ್ನೆರಡೂವರೆಗೆ ಬುತ್ತಿ ಬಿಚ್ಚಿದಾಗ
ಇವರೆಲ್ಲ ಅವನನ್ನು ತಟ್ಟುತ್ತಾರೆ.
"ಕಾಳಿನ ಹೂರಣದ ರೊಟ್ಟಿ! ಯಾರು ಸುಟ್ಟಿದ್ದೋ, ಮಾಲ್ಖಾಜ್?"
"ಮನೆಯಲ್ಲಿ."
"ಮನೆಗೆ ಕೈ ಇದೆಯೇನೋ?"

ಅವನ ಭಾಷೆ ದಯಾಳು.
ಅವನಿಗೂ ಅವಳಿಗೂ ಅಲ್ಲಿ ಒಂದೇ ಮಾತು: ಇಸ್.
ಬಂದದ್ದು ಯಾರಾದರೇನು, ಮೊವಿದಾ.
"ಇಸ್ ಐದಕ್ಕೇ ಏಳುತ್ತೆ" ಅನ್ನುತ್ತಾನೆ,
ಎಂಟು ಜನ ಎಂಟು ಹೆಂಗಸರನ್ನು ಊಹಿಸಿಕೊಂಡು ತಲೆದೂಗುತ್ತಾರೆ.
ಅವರಲ್ಲೊಬ್ಬ ಅವಳಿಗೆ ಕಂದು ಜಡೆಯನ್ನೂ ಹೆಣೆದಿದ್ದಾನೆ.
ಮಾಲ್ಖಾಜ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಕನ್ನಡದಲ್ಲಿ ಹೇಳಹೊರಟ ನನಗೆ ಆ ಸೌಕರ್ಯವಿಲ್ಲ.
ನಮ್ಮ ಕ್ರಿಯಾಪದಕ್ಕೊಂದು ಬಾಲ,
ವಾಕ್ಯ ಮುಗಿಯುವಷ್ಟರಲ್ಲಿ ಚಾಡಿ ಹೇಳಿಬಿಡುತ್ತದೆ.
ಅದಕ್ಕೇ ಮರ್ಯಾದೆಯ ಮರೆ ಹಿಡಿದು ಬರೆಯುತ್ತೇನೆ:
ಅವರು ಐದಕ್ಕೆ ಎದ್ದರು, ಹಿಟ್ಟು ನಾದಿದರು,
ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಮಾರ್ಚಿನಲ್ಲಿ ಬೆಸುಗೆ ಕೆಲಸಕ್ಕೊಬ್ಬ ಹುಡುಗ ಬಂದ.
ಬೇಕಾ ಅಂತ ಹೆಸರು;
ನಮ್ಮಲ್ಲಿ ಅದೊಂದು ಪ್ರಶ್ನೆ.
ಶೆಡ್ಡು ಮೂರೇ ವಾರದಲ್ಲಿ ಉತ್ತರ ಕೊಟ್ಟಿತು:
ಅವನ ನಡಿಗೆಯನ್ನು ಅವನೆದುರೇ ನಡೆದು ತೋರಿಸಿದರು,
ಲಾಕರಿಗೆ ಗುಲಾಬಿ ಬಣ್ಣ ಬಳಿದರು,
ಬೂಟಿನೊಳಗೆ ಗ್ರೀಸು ತುಂಬಿದರು.
ಫೋರ್‌ಮನ್ ಜೆಮಾಲ್ ಅಂದ,
"ತಮಾಷೆ ತಡೆಯದವನು ರೈಲಿಗೆ ಲಾಯಕ್ಕಲ್ಲ."
ಎಲ್ಲರೂ ನಕ್ಕರು.

ಈ ಬಹುವಚನದ ಹಿಂದೆ ಅವನನ್ನು ಅಡಗಿಸಿಡಲಾರೆ:
ಮಾಲ್ಖಾಜನೂ ನಕ್ಕ.
ಠಣ್ಣನೆ,
ಬಿರುಕೇ ಇಲ್ಲದವನ ಹಾಗೆ.

ಹುಡುಗ ತಿರುಗಿ ನೋಡಿದ್ದು ಇವನೊಬ್ಬನನ್ನೇ.
ತಿಳಿದಿತ್ತೇನೋ.
ಬೂಟು ಅಲ್ಲೇ ಬಿಟ್ಟು
ಕಾಲುಚೀಲದಲ್ಲೇ ಹಳಿ ದಾಟಿ ಹೋದ.
ಏಪ್ರಿಲ್ ಕಳೆದರೂ ಆ ಬೂಟನ್ನು ಯಾರೂ ಎತ್ತಲಿಲ್ಲ,
ಅದರ ಸುತ್ತ ಕಸ ಗುಡಿಸುತ್ತಿದ್ದರು.

ಅಂದು ರಾತ್ರಿ ಮಾಲ್ಖಾಜ್ ಉಣ್ಣಲಿಲ್ಲ.
ಪರದೆ ಎಳೆದಿತ್ತು, ಬಾಗಿಲಿಗೆ ಎರಡು ಚಿಲಕ.
ಮೇಜಿನಾಚೆ ಕೂತವರು ಕೇಳಿದರು, ಏನಾಯಿತು?

ಕೇಳಿದರು! ಸಾಕು.
ಹನ್ನೊಂದು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಜೀವವನ್ನು
ತಪಾಸಣೆಗೆ ಬಂದ ಸಾಹೇಬರ ಹಾಗೆ
ಇನ್ನೆಷ್ಟು ಹೊತ್ತು ದೂರ ಕೂರಿಸಲಿ?
ಕೇಳಿದ.
ಅವನು ಕೇಳಿದ.
ಉತ್ತರ ಬರದಾಗ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದು
ಮಾಲ್ಖಾಜನ ಬೆನ್ನನ್ನು ಬೆರಳ ಗೆಣ್ಣಿನಿಂದ
ಮೆಲ್ಲಗೆ ಒಮ್ಮೆ ತಟ್ಟಿ
ಕಿವಿಯಿಟ್ಟ.

ಏನು ಕೇಳಿಸಿತೋ, ಅವರಿಬ್ಬರದು.

ಹಶೂರಿಯಲ್ಲಿ ಕನ್ನಡ ಓದುವವರಿಲ್ಲ,
ನನ್ನ ಧೈರ್ಯ ಇಷ್ಟೇ.
ಆದರೆ ನೀವು ಓದುತ್ತೀರಿ.
ನಾಳೆ ಮಧ್ಯಾಹ್ನ ನಿಮ್ಮ ಎದುರಿನ ಕುರ್ಚಿಯಲ್ಲಿ ಯಾರೋ
"ಮನೆಯಲ್ಲಿ ಮಾಡಿದ್ದು" ಅಂದು
ಡಬ್ಬಿಗೂ ಮಾತಿಗೂ
ಒಟ್ಟಿಗೇ ಮುಚ್ಚಳ ಹಾಕುತ್ತಾರೆ.