ಅದಲುಬದಲು

ಇಪ್ಪತ್ತೆರಡರ ವಯಸ್ಸಲ್ಲಿ, ಒಂದು ಬೆಳಗಿನ ಜಾವ,
ವೈಕೆ ಒಂದು ಫಂಕ್ಷನ್ನಿಗೆ ಹೆಸರಿಟ್ಟಳು:
ಎರಡಕ್ಷರ ಹಿಂದುಮುಂದು.

ಈಗ ಟಾರ್ಟುವಿನಲ್ಲಿ ನದಿ ಹೆಪ್ಪುಗಟ್ಟಿದೆ.
ಹೊಸಬ ತಾರ್ಮೊ ಅದನ್ನು ಅಳಿಸಿ ಕಳಿಸಿದ್ದಾನೆ:
ಸರಿಯಾದದ್ದು ಇದೆಯಲ್ಲ, ಇದು ಯಾರಿಗೆ ಬೇಕು?

ಯಾರಿಗೆ?
ಚಿಲಿಯಿಂದ ರಾಯೆನ್ ಎಂಬವಳು ಬರೆದಿದ್ದಳು:
ದಕ್ಕೆಯ ಮೇಲೆ ಉಬ್ಬರ ಅಳೆಯುವ ಡಬ್ಬಿ,
ಪ್ರೋಗ್ರಾಂ ಬರೆದವನು ತೀರಿಕೊಂಡ,
ಪಾಸ್‌ವರ್ಡೂ ಅವನ ಜೊತೆಗೇ ಹೋಯಿತು.
ಹೊಸ ಆವೃತ್ತಿ ಬಂದಾಗೆಲ್ಲ ತಾನೇ ಇಳಿಸಿಕೊಳ್ಳುತ್ತೆ,
ಆರು ನಿಮಿಷಕ್ಕೊಮ್ಮೆ ಕೂಗುವುದು ಮಾತ್ರ
ಆ ತಪ್ಪು ಹೆಸರನ್ನೇ.

ಕಾಫಿ ಆರುತ್ತಿದೆ. ವೈಕೆ
ಅಳಿಸಿದ ಸಾಲನ್ನು ಮರಳಿ ಕೂರಿಸುತ್ತಾಳೆ,
ತನ್ನ ಕಾಗುಣಿತಕ್ಕೆ ಮತ್ತೊಮ್ಮೆ ನಾಚಿ.

ತಾರ್ಮೊಗೆ ಉತ್ತರ:
ಇರಲಿ ಬಿಡು, ಕರೆದರೆ ಓ ಅನ್ನಬೇಕಲ್ಲ.
ಬೇಕಿದ್ದರೆ ಮೇಲೊಂದು ಟಿಪ್ಪಣಿ ಸೇರಿಸು,
ಹೆಸರಿಟ್ಟವಳಿಗೆ ಆಗ
ತುಂಬ ನಿದ್ದೆ ಬಂದಿತ್ತು ಅಂತ.