ಏಳು ಗಂಟೆ ಎರಡು ನಿಮಿಷ

ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಮಾತು:
ನಗುತ್ತಾ ಮಾತಾಡು, ಕಿವಿಗೆ ಹಲ್ಲು ಕಾಣಬೇಕು.
ಹೇಳಿದವರು ಎಂಜಿನಿಯರ್ ಸಂಪಂಗಿರಾಮಯ್ಯ,
ಸ್ವತಃ ನಕ್ಕಿದ್ದನ್ನು ನಾನು ಕಂಡಿಲ್ಲ.

ಮೂರೂ ನಲವತ್ತಕ್ಕೆ ಅಲಾರಂ.
ಲಿಂಗರಾಜಪುರದ ಗಲ್ಲಿಯಲ್ಲಿ ವ್ಯಾನು ಹಾರನ್ ಹೊಡೆಯುವಂತಿಲ್ಲ.
ಹೆಡ್‌ಲೈಟು ಎರಡು ಸಲ ಮಿಟುಕಿಸಿದರೆ
ಇಳಿಯಬೇಕು, ಚಪ್ಪಲಿ ಕೈಯಲ್ಲಿ ಹಿಡಿದು.
ಮೂರು ತಿಂಗಳು ಎದುರುಮನೆಯವರು
ಏನೇನೋ ಅಂದುಕೊಂಡರು.
ನಾಲ್ಕನೇ ತಿಂಗಳು ರೇಡಿಯೊ ಕೊಂಡರು.

ಫಿಲೋಮಿನಾ ಉದ್ದವಾಯಿತು ಅಂದರು ಆಫೀಸಿನಲ್ಲಿ.
ಮುಂದಿನರ್ಧ ಕತ್ತರಿಸಿ, ಉಳಿದ ‘ಮಿ’ಗೊಂದು ದೀರ್ಘ ಎಳೆದು
ಮೀನಾ ಮಾಡಿದರು. ಹತ್ತು ಸೆಕೆಂಡಿನ ಕೆಲಸ.
ಅಮ್ಮ ಜಪಮಾಲೆ ನಿಲ್ಲಿಸಿ ಕೇಳಿದಳು:
ಯಾರೇ ಆ ಹುಡುಗಿ,
ನಿನ್ನ ಹಾಗೇ ಗಂಟಲು ಸರಿಮಾಡಿಕೊಳ್ಳುತ್ತಾಳೆ?

ಸ್ಟುಡಿಯೋಗೆ ಕಿಟಕಿ ಇರಲಿಲ್ಲ.
ಗೋಡೆಗೆಲ್ಲ ಮೊಟ್ಟೆ ಟ್ರೇಯಂಥ ಸ್ಪಂಜು.
ಅಲ್ಲಿ ಕೂತು ಇಪ್ಪತ್ತೆರಡು ವರ್ಷ
ನಾನು ಆಕಾಶದ ವಿಷಯ ಹೇಳಿದೆ.
ಮೋಡ ಇದೆಯೆಂದು ವಾಚ್‌ಮನ್ ಬಂದು ಹೇಳಬೇಕು,
ಕಾಕಡದ ರೇಟು ಮಾರ್ಕೆಟ್ಟಿನಿಂದ ಕೆಂಪರಾಜಮ್ಮ,
ಹೆಬ್ಬಾಳದಲ್ಲಿ ಲಾರಿ ಕೆಟ್ಟದ್ದು ಆಟೋ ಖಲಂದರ್.
ಅದಕ್ಕೆಲ್ಲ ಒಂದಿಷ್ಟು ನಗು ಸವರಿ
ಊರಿನದನ್ನು ಊರಿಗೇ ವಾಪಸು ಕೊಡುತ್ತಿದ್ದೆ.

ಖಲಂದರನ ಮುಖ ನೋಡಿಲ್ಲ. ಹಾರನ್ ಗೊತ್ತು.
ಅವನ ಫೋನು ಬರದ ದಿನ
ಹೆಬ್ಬಾಳ ಸಲೀಸಾಗಿದೆ ಅಂದುಬಿಟ್ಟೆ.
ಒಂದು ವಾರ ಸಲೀಸು.
ಆಮೇಲೆ ಅವನ ಮಗಳು ಫೋನು ಮಾಡಿದಳು.

ಇನ್ನು ಆ ಸೋಮವಾರ.
ಜ್ವರ, ಮಾತ್ರೆಯ ಮಂಪರು,
ಗೋಡೆಯ ಮುಳ್ಳು ಆರರಲ್ಲಿದ್ದರೂ ನನ್ನ ಬಾಯಲ್ಲಿ ಬಂದದ್ದು:
ಸಮಯ ಏಳು ಗಂಟೆ ಎರಡು ನಿಮಿಷ.
ನಮ್ಮ ಭಾಷೆಯಲ್ಲಿ ಏಳು ಅಂದರೆ ಲೆಕ್ಕವೂ ಹೌದು, ಅಪ್ಪಣೆಯೂ ಹೌದು.
ಊರು ಎರಡನ್ನೂ ನಂಬಿತು.
ಹಲಸೂರಿನ ಒಬ್ಬಾಕೆ ಮಗನ ಅರ್ಧ ತಲೆಗೆ ಎಣ್ಣೆ ಹಚ್ಚಿ
ಮುಚ್ಚಿದ ಗೇಟಿನ ಮುಂದೆ ನಿಲ್ಲಿಸಿ ಬಂದಳಂತೆ.
ಪೀಣ್ಯದಲ್ಲಿ ಯಾರೋ ಬೀಗಕ್ಕೆ ಬೈಯುತ್ತಿದ್ದರಂತೆ.
ಉಪ್ಪಿಟ್ಟು ಹಸಿಯಾಗಿಯೇ ಡಬ್ಬಿ ಸೇರಿತ್ತಂತೆ.
ಹಾಡು ಹಾಕಿ ಫೋನು ಎತ್ತಿದೆ, ಬೈಗುಳ,
ಹಾಡು ಹಾಕಿ ಎತ್ತಿದೆ, ಬೈಗುಳ.
ಕೊನೆಗೊಬ್ಬ ರಾತ್ರಿಪಾಳಿಯವನು, ದನಿ ತಗ್ಗಿಸಿ:
ಡ್ಯೂಟಿ ಮುಗೀತು ಅಂತ ಬಂದುಬಿಟ್ಟೆ ಮೇಡಂ.
ಮಗು ಇನ್ನೂ ಮಲಗಿತ್ತು.
ಅದು ಏಳೋದನ್ನ ಇವತ್ತೇ ನೋಡಿದ್ದು.
ಸಂಬಳ ಹಿಡೀತಾರೆ, ಹಿಡೀಲಿ.

ನನ್ನದನ್ನೂ ಹಿಡಿದರು. ಮೂರು ದಿನದ್ದು.

ಕಾರ್ಡು ಬರೆಯುವವರು ನಿಂತರು, ಎಸ್ಸೆಮ್ಮೆಸ್ ಬಂತು ಹೋಯಿತು,
ನನಗಿಂತ ಚಿಕ್ಕ ಬಾಸು ಬಂದ, ಅವನಿಗಿಂತ ಚಿಕ್ಕವಳು ಬಂದಳು.
ಇನ್ನೂ ಫಾಸ್ಟ್ ಮೇಡಂ, ಸ್ವಲ್ಪ ಯಂಗ್ ಆಗಿ ಮೇಡಂ.
ಮೂರು ನಿಮಿಷವಿದ್ದ ಮಾತು ಇಪ್ಪತ್ತು ಸೆಕೆಂಡಾಯಿತು,
ಅದರಲ್ಲಿ ಹದಿನಾಲ್ಕು ಚಿನ್ನದಂಗಡಿಗೆ.
ಉಳಿದ ಆರರಲ್ಲಿ
ಸಮಯ ಹೇಳುವುದನ್ನು ಮಾತ್ರ ನಾನು ಬಿಡಲಿಲ್ಲ.
ಎಲ್ಲರ ಕೈಯಲ್ಲೂ ಫೋನಿದೆ, ಯಾಕೆ, ಅಂದಳು.
ಒಗ್ಗರಣೆ ಹಾಕುವ ಕೈ ಫೋನು ಹಿಡಿಯುವುದಿಲ್ಲ, ಅಂದೆ.

ಕೊನೆಯ ದಿನದ ಕೇಕಿನ ಮೇಲೆ ಮೀನಾ ಅಂತಿತ್ತು.
ಪಿಎಫ್ ಪುಸ್ತಕದಲ್ಲಿ ಫಿಲೋಮಿನಾ.
ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು
ಶಾಂತಿನಗರದ ಬಸ್ಸು ಹತ್ತಿ ಇಳಿದು ಎರಡು ತಿಂಗಳು.
ಕೌಂಟರಿನವನು ಅಫಿಡವಿಟ್ಟು ಕೇಳಿದ.
ಗಂಟಲು ಸರಿಮಾಡಿಕೊಂಡು ಶುಭೋದಯ ಅಂದೆ.
ತಲೆ ಎತ್ತಿದ. ನಕ್ಕ.
ಆದರೂ ಅಫಿಡವಿಟ್ಟು ಬೇಕು ಅಂದ.

ಈಗಲೂ ಮೂರೂ ನಲವತ್ತಕ್ಕೆ ಎಚ್ಚರ.
ಗೋಡೆಯ ಮೇಲೆ ಬೆಳಕು ಮಿಟುಕಿದರೆ ಅದು ಪೊಲೀಸ್ ಬೀಟು.
ಚಪ್ಪಲಿ ಮೆಟ್ಟಿಕೊಂಡೇ ಮೆಟ್ಟಿಲಿಳಿದು
ಹಾಲಿನ ಬೂತಿನ ತನಕ ಹೋಗಿ ಬರುತ್ತೇನೆ.
ಇವತ್ತು ಕ್ರೇಟು ಇಳಿಸುತ್ತಿದ್ದ ಹುಡುಗ,
ಹೊಸಬ, ಸೊಂಟಕ್ಕೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿ,
ಆಂಟಿ, ಟೈಮೆಷ್ಟು, ಅಂದ.

ಕೈಗಡಿಯಾರ ನೋಡಿದೆ.
ಬೀದಿದೀಪದ ಕೆಳಗೆ ಹೋಗಿ
ಇನ್ನೊಂದು ಸಲ ನೋಡಿದೆ.